ಮಂಡಿಪೇಟೆ ಮಹಡಿ ಮೇಲಿನ ಕ್ಯಾಸೆಟ್ ಅಂಗಡಿ: ಎಸ್ಪಿಬಿ, ಜಾನಕಮ್ಮನ ಫ್ಯಾನ್ಸ್ ಯಾರಿದೀರೋ ಎಲ್ರೂ ಓದ್ರಿ

ನಮ್ಮ ಹಾಡಿನ ವಾಟ್ಸಾಪ್ ಗ್ರೂಪಲ್ಲಿ ಎಲ್ರೂ ಒಂದೇ ಸಮ ಕೇಳ್ತಿದಾರೆ, ಅಕ್ಕಾ ಹಳೇ ಕ್ಯಾಸೆಟ್ ಎಲ್ಲಿ ಕೊಟ್ಟು ಪೆನ್‌ಡ್ರೈವ್‌ಗೆ ಹಾಕಿಸಿದ್ರಿ, ಎಷ್ಟಾಯ್ತು, ಚೆನ್ನಾಗಿ ಬಂತಾ ಅಂತ. ಒಬ್ಬೊಬ್ಬರಿಗೂ ವಾಯ್ಸ್ ನೋಟ್ ಕಳಿಸೋ ಬದ್ಲು ಒಂದೇ ಕಡೆ ಬರೆದು ಹಾಕ್ತೀನಿ. ಉದ್ದ ಆಗುತ್ತೆ ಸ್ವಲ್ಪ, ಯಾಕಂದ್ರೆ ಬರೀ ರೇಟು ಹೇಳಿ ಮುಗಿಸೋ ವಿಷ್ಯ ಅಲ್ಲ ನನಗೆ ಇದು.

ಅಂಗಡಿ ಇರೋದು ದಾವಣಗೆರೆ ಮಂಡಿಪೇಟೆ ಒಳಗೆ. ಕೆಳಗೆ ಗೋಣಿಚೀಲ, ಹಗ್ಗ ಮಾರೋ ಅಂಗಡಿ, ಅದರ ಪಕ್ಕದಲ್ಲೇ ಒಬ್ಬರು ಹತ್ತಿದ್ರೆ ಇನ್ನೊಬ್ಬರು ಇಳಿಯಕ್ಕಾಗದಷ್ಟು ಕಿರಿದಾದ ಮೆಟ್ಲು, ಹತ್ತಿ ಹೋದ್ರೆ ಬಲಗಡೆ ರೂಮು. ಬೋರ್ಡ್ ಇಲ್ಲ. ಹೆಸ್ರು, ನಂಬರ್ ಹಾಕಬೇಡವ್ವಾ, ಇರೋ ಕೆಲ್ಸನೇ ಮುಗೀತಿಲ್ಲ ಅಂತ ಅಂಗಡಿ ನಡೆಸೋ ಕಾಕಾ ಕೈಮುಗಿದು ಹೇಳಿದಾರೆ, ಹಂಗಾಗಿ ಹಾಕ್ತಿಲ್ಲ. ಅಲ್ಲಿ ಹಳಬರನ್ನ ಯಾರನ್ನಾದ್ರೂ 'ಹಾಡು ತುಂಬಿಸೋ ಕಾಕಾ' ಅಂತ ಕೇಳಿದ್ರೆ ಸಾಕು, ಕೈ ಮಾಡಿ ತೋರಿಸ್ತಾರೆ.

ಹಾಡು ತುಂಬಿಸೋದು ಅಂದ್ರೆ ಈಗಿನ ಹುಡುಗ್ರಿಗೆ ಗೊತ್ತಿರಲ್ಲ. ಒಂದು ಹಾಳೆ ಮೇಲೆ ಬೇಕಾದ ಹಾಡೆಲ್ಲ ಬರೆದು, ಖಾಲಿ ಕ್ಯಾಸೆಟ್ ಜೊತೆ ಅಂಗಡಿಗೆ ಕೊಟ್ಟು ಬರೋದು, ನಾಲ್ಕೈದು ದಿನ ಬಿಟ್ಟು ಹೋದ್ರೆ ಆ ಹಾಡೆಲ್ಲ ತುಂಬಿಸಿ ಇಟ್ಟಿರೋರು. 60 ನಿಮಿಷದ ಕ್ಯಾಸೆಟ್‌ಗೆ ಒಂದು ಕಡೆಗೆ ಆರೋ ಏಳೋ ಹಾಡು ಹಿಡೀತಿತ್ತು, ಅಷ್ಟೇ. ಯಾವ್ದು ಸೇರಿಸೋದು ಯಾವ್ದು ಬಿಡೋದು ಅಂತ ನಮ್ಮಪ್ಪ ರಾತ್ರಿ ಊಟ ಆದ್ಮೇಲೆ ಪೆನ್ಸಿಲ್ ಹಿಡ್ಕೊಂಡು ಕುಂತು ಲೆಕ್ಕ ಹಾಕೋರು, ಬರೆಯೋರು, ಹೊಡೆಯೋರು, ಮತ್ತೆ ಬರೆಯೋರು. ಅಪ್ಪ ಕಾಟನ್ ಮಿಲ್ಲಲ್ಲಿದ್ರು. ದಾವಣಗೆರೆನ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದ ಕಾಲದ ಮಿಲ್ಲು. ಮಿಲ್ಲು ಹೋಯ್ತು, ಟ್ರಂಕಲ್ಲಿ 37 ಕ್ಯಾಸೆಟ್ ಉಳೀತು. ಅದರಲ್ಲಿ ಅರ್ಧ ಇದೇ ಕಾಕಾ ತುಂಬಿಸಿ ಕೊಟ್ಟಿದ್ದು, ಮಿಕ್ಕಿದ್ದು ಅಪ್ಪ ಟೂ ಇನ್ ಒನ್‌ನಲ್ಲಿ (ರೇಡಿಯೋ, ಟೇಪ್‌ರೆಕಾರ್ಡರ್ ಎರಡೂ ಒಂದರಲ್ಲೇ ಇರೋ ಮಷಿನ್ನು) ಭದ್ರಾವತಿ ಆಕಾಶವಾಣಿಯಿಂದ ಹಿಡಿದಿದ್ದು, ಗಣಪತಿ ಪೆಂಡಾಲ್ ಮುಂದೆ ನಿಂತು ಆರ್ಕೆಸ್ಟ್ರಾ ಹಿಡಿದಿದ್ದು.

ಹೋದ ವರ್ಷ ಗಣಪತಿ ಹಬ್ಬ ಮುಗಿದ ವಾರ ಮೊದಲ್ನೇ ಸಲ ಹೋದೆ. ಕಾಕಾ ಒಂದೊಂದೇ ಕ್ಯಾಸೆಟ್‌ನ ಟ್ಯೂಬ್‌ಲೈಟ್‌ಗೆ ಹಿಡಿದು ನೋಡಿದ್ರು. ಟೇಪ್ ಸುತ್ತಿರೋ ಅಂಚಿನ ಮೇಲೆ ಬೂದಿ ಉದುರಿಸಿದಂಗೆ ಬೆಳ್ಳಗೆ ಕಾಣ್ತಿತ್ತಲ್ಲ, ನಾನು ಧೂಳು ಅಂದ್ಕೊಂಡಿದ್ದೆ, ಅದು ಬೂಷ್ಟು. ಹಂಗೇ ಹಾಕಿ ಓಡಿಸಿದ್ರೆ ಮಷಿನ್ನಲ್ಲಿ ಟೇಪ್ ಓದೋ ಹೆಡ್ಡಿಗೆ ಅಂಟ್ಕೊಂಡು ಮುಂದಿನ ಕ್ಯಾಸೆಟ್‌ಗೂ ಹತ್ತುತ್ತಂತೆ. ಅಂಥವನ್ನ ಬೇರೆ ಡಬ್ಬಿಗೆ ಹಾಕಿದ್ರು. ಇನ್ನು ಕೆಲವಕ್ಕೆ ಒಳಗಿರೋ ಸಣ್ಣ ಬಟ್ಟೆ ಪ್ಯಾಡ್ ಉದುರಿ ಹೋಗಿತ್ತು, ಟೇಪನ್ನ ಹೆಡ್ಡಿಗೆ ಒತ್ತಿ ಹಿಡಿಯೋದು ಅದೇ, ಅದಿಲ್ಲಾಂದ್ರೆ ಸೌಂಡ್ ಬಂದು ಬಂದು ಹೋಗುತ್ತೆ. ಸ್ಕ್ರೂ ಇರೋ ಕ್ಯಾಸೆಟ್ ಆದ್ರೆ ಬಿಚ್ಚಿ ಹೊಸದು ಅಂಟಿಸ್ತಾರೆ, ಸ್ಕ್ರೂ ಇಲ್ದೇ ಅಂಟಿಸಿರೋದಾದ್ರೆ ಡಬ್ಬಿನೇ ಒಡೆದು ಟೇಪನ್ನ ಬೇರೆ ಖಾಲಿ ಡಬ್ಬಿಗೆ ಕೂರಿಸಬೇಕು. ಹೆಡ್ ಕ್ಲೀನ್ ಮಾಡಕ್ಕೆ ಕಿವಿಗೆ ಹಾಕೋ ಹತ್ತಿಕಡ್ಡಿ, ಐಸೋಪ್ರೊಪೈಲ್ ಸ್ಪಿರಿಟ್. ನಾನು ಲ್ಯಾಬ್ ಟೆಕ್ನಿಷಿಯನ್, ಆ ವಾಸ್ನೆ ಬಂದ ತಕ್ಷಣ ನಮ್ಮ ಲ್ಯಾಬಿಗೆ ಹೋದಂಗಾಯ್ತು.

ಆಮೇಲೆ ಕಾಕಾ ಮಾಡಿದ್ದು ನೋಡಿ ನನಗೆ ಮೈ ಜುಂ ಅಂತು. ಕ್ಯಾಸೆಟ್ ಓಡಿಸೋ ಡೆಕ್ಕಿನ ಬಾಗಿಲು ತೆಗೆದು, ಹೆಡ್ ಪಕ್ಕದಲ್ಲಿರೋ ಒಂದು ಪುಟಾಣಿ ಸ್ಕ್ರೂಗೆ ವಾಚ್ ರಿಪೇರಿ ಮಾಡೋ ಸ್ಕ್ರೂಡ್ರೈವರ್ ಇಟ್ಟು ಹಾಡು ಓಡ್ತಿರೋವಾಗ್ಲೇ ಕೂದಲೆಳೆಯಷ್ಟು ತಿರುಗಿಸಿದ್ರು. ಅಲ್ಲಿ ತನಕ ಕಂಬಳಿ ಮುಸುಕು ಹಾಕ್ಕೊಂಡು ಹಾಡ್ತಿದ್ದಂಗಿದ್ದ ಜಾನಕಮ್ಮ ಮುಸುಕು ತೆಗೆದು ಎದುರಿಗೆ ಕುಂತು ಹಾಡಿದಂಗಾಯ್ತು. ನಾನು ಮನೇಲಿ ಅಷ್ಟು ವರ್ಷ ಕೇಳಿದ್ದು ಆ ಮುಸುಕಿನ ಹಾಡನ್ನೇ. ರೆಕಾರ್ಡ್ ಮಾಡಿದ ಮಷಿನ್ನಿನ ಹೆಡ್ ಯಾವ ಓರೆಯಲ್ಲಿ ಇತ್ತೋ ಪ್ಲೇ ಮಾಡೋ ಹೆಡ್ಡೂ ಅದೇ ಓರೆಗೆ ಬರಬೇಕಂತೆ, ಒಂದೊಂದು ಕ್ಯಾಸೆಟ್‌ಗೂ ಹೊಸದಾಗಿ ಹೊಂದಿಸಬೇಕು. ಮನೇಲೇ ಯುಎಸ್‌ಬಿ ಪ್ಲೇಯರ್ ತಂದು ಮಾಡ್ಕೋತೀವಿ ಅನ್ನೋರು ಇದೊಂದನ್ನ ತಿಳ್ಕೊಳ್ರಿ. 60 ನಿಮಿಷದ ಕ್ಯಾಸೆಟ್‌ಗೆ 60 ನಿಮಿಷನೇ ಬೇಕು, ಅಡ್ಡದಾರಿ ಇಲ್ಲ, ಅಷ್ಟೂ ಹೊತ್ತು ಕಾಕಾ ಒಂದು ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಕೇಳ್ತಾನೇ ಇರ್ತಾರೆ.

ಇಷ್ಟಾದ್ಮೇಲೆ ಕ್ಯಾಸೆಟ್ ಜೊತೆ ಒಂದು ಚೀಟಿ ಕೊಡ್ತಾರೆ, ಕೈಯಲ್ಲೇ ಬರೆದಿದ್ದು. ಹಾಡಿದೋರು ಯಾರು, ಯಾವಾಗ, ಎಲ್ಲಿಂದ ಹಿಡಿದಿದ್ದು, ಅದನ್ನ ಹೇಳಿದ್ದು ಯಾರು, ಹಿಂಗೆ ನಾಲ್ಕು ಮನೆ. ಗೊತ್ತಿಲ್ದೇ ಇದ್ರೆ 'ಗೊತ್ತಿಲ್ಲ' ಅಂತ ಬರೀತಾರೆ. ನನ್ನ ಚೀಟಿಗಳಲ್ಲಿ ಕಮ್ಮಿ ಅಂದ್ರೂ ಮೂವತ್ತು ಕಡೆ ಗೊತ್ತಿಲ್ಲ ಅಂತ ಇತ್ತು. ದುಡ್ಡು ಕೊಟ್ಟು ಗೊತ್ತಿಲ್ಲ ಅಂತ ಬರೆಸ್ಕೊಂಡು ಬಂದ್ನಲ್ಲಾ ಅಂತ ಅವತ್ತು ಬೇಜಾರಾಗಿತ್ತು. ಈಗ ಕೇಳಿದ್ರೆ ಈ ಅಂಗಡಿಗೆ ಹೋಗೋದೇ ಆ ಒಂದು ಪದಕ್ಕೆ ಅಂತೀನಿ. ಯಾಕೆ ಅಂತ ಹೇಳಬೇಕಂದ್ರೆ ನಮ್ಮ ಗ್ರೂಪ್ ಕತೆ ಹೇಳಬೇಕು.

ಗ್ರೂಪ್ ಶುರುವಾಗಿದ್ದು 2017ರಲ್ಲಿ. ಜಾನಕಮ್ಮ ಅಕ್ಟೋಬರ್ 28ಕ್ಕೆ ಮೈಸೂರಲ್ಲಿ ಹಾಡಿ ವೇದಿಕೆಗೆ ವಿದಾಯ ಹೇಳ್ತಾರೆ ಅಂತ ಸುದ್ದಿ ಬಂತಲ್ಲ, ಇಲ್ಲಿಂದ ಒಟ್ಟಿಗೆ ಹೋಗಾಣ ಅಂತ 14 ಜನ ಮಾಡ್ಕೊಂಡಿದ್ದು. ಆಮೇಲೆ ದಾವಣಗೆರೆ, ಹರಿಹರ, ಚಿತ್ರದುರ್ಗ, ಹರಪನಹಳ್ಳಿ ಕಡೆಯೋರೆಲ್ಲ ಸೇರಿ 200 ದಾಟ್ತು. ಹಾಡಿಗಿಂತ ಜಾಸ್ತಿ ಹಾಡಿದೋರ ಬದುಕಿನ ಮಾತೇ ಬರೋದು. 1957ರಿಂದ ಹಾಡ್ತಾ ಬಂದ ಜಾನಕಮ್ಮ 2013ರಲ್ಲಿ ಪದ್ಮಭೂಷಣ ಬೇಡ ಅಂದಿದ್ದು ಸರಿನಾ ತಪ್ಪಾ ಅಂತ ಇವತ್ತಿಗೂ ಮೂರು ತಿಂಗಳಿಗೊಂದ್ಸಲ ಜಗಳ ಏಳುತ್ತೆ. ಸರಿ ಅನ್ನೋ ಪಾರ್ಟಿ ನನ್ನದು. ದಕ್ಷಿಣದ ಹಾಡುಗಾರರನ್ನ ಯಾವಾಗ್ಲೂ ಕೊನೆಗೇ ನೆನೆಸ್ಕೋತಾರೆ ಅನ್ನೋದು ಅವರೊಬ್ಬರ ಸಿಟ್ಟಲ್ಲ, ಕೇಳೋ ನಮ್ಮದೂ ಸಿಟ್ಟೇ.

2020ರ ಜೂನ್ ಕೊನೆಗೆ ಏನಾಯ್ತು ನೆನಪೈತಾ? ಜಾನಕಮ್ಮ ತೀರ್ಕೊಂಡ್ರಂತೆ ಅಂತ ಸುಳ್ಳು ಸುದ್ದಿ ಹರಿದಾಡ್ತು. ನಮ್ಮ ಗ್ರೂಪಲ್ಲಿ ಹತ್ತು ನಿಮಿಷಕ್ಕೆ ಎಂಬತ್ತು ಓಂ ಶಾಂತಿ, ದೀಪದ ಫೋಟೋ, ಕಪ್ಪು ಡಿಪಿ. ಒಬ್ಬರೂ ಯಾರು ಹೇಳಿದ್ದು ಅಂತ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ, ನಾನೂ ಹಾಕಿದ್ದೆ ದೀಪ. ಎಸ್ಪಿಬಿಯವ್ರೇ ವೀಡಿಯೋ ಮಾಡಿ, ನಾನು ಅವರ ಹತ್ರ ಮಾತಾಡಿದೀನಿ, ಆರಾಮಾಗಿದಾರೆ, ಹಿಂಗೆಲ್ಲ ಹಬ್ಬಿಸಬೇಡಿ ಅಂತ ಬೇಜಾರಾಗಿ ಹೇಳಬೇಕಾಯ್ತು. ಬದುಕಿರೋ ಆ ತಾಯಿ ತನ್ನ ಸಾವಿನ ಸುದ್ದಿನ ತಾನೇ ಕೇಳಬೇಕಾಯ್ತಲ್ಲ ಅಂತ ನನಗೆ ಈಗ್ಲೂ ಹೊಟ್ಟೆ ಉರಿಯುತ್ತೆ.

ಅದಾಗಿ ಒಂದೂವರೆ ತಿಂಗಳೂ ಆಗಿರ್ಲಿಲ್ಲ, ಆಗಸ್ಟ್ 5ಕ್ಕೆ ಎಸ್ಪಿಬಿ ಇನ್ನೊಂದು ವೀಡಿಯೋ ಹಾಕಿದ್ರು, ನನಗೆ ಕೋವಿಡ್ ಬಂದೈತೆ, ಜಾಸ್ತಿ ಏನಿಲ್ಲ, ಮನೆಯೋರಿಗೆ ತೊಂದ್ರೆ ಆಗಬಾರ್ದು ಅಂತ ಆಸ್ಪತ್ರೆ ಸೇರ್ಕೊಂಡೀನಿ ಅಂತ. ನಾನು ಆಗ ದಿನಾ ಪಿಪಿಇ ಹಾಕ್ಕೊಂಡು ಸ್ವಾಬ್ ತಗೀತಿದ್ದೆ. ಬೆವರಲ್ಲಿ ಕೈ ಬೆರಳೆಲ್ಲ ನೆನೆದು ಸುಕ್ಕಾಗಿರೋವು, ಫೋನಿನ ಬೆರಳಚ್ಚು ಹಿಡೀತಿರ್ಲಿಲ್ಲ, ನಂಬರ್ ಒತ್ತಿ ತೆಗೆದು ಮೊದ್ಲು ನೋಡ್ತಿದ್ದಿದ್ದು ಗ್ರೂಪೇ. 51 ದಿನ. ಆ 51 ದಿನದಲ್ಲಿ ನಮ್ಮ ಗ್ರೂಪಲ್ಲಿ ಎಸ್ಪಿಬಿ ಎಷ್ಟು ಸಲ ಹುಷಾರಾದ್ರು, ಎಷ್ಟು ಸಲ ಹೋದ್ರು ಲೆಕ್ಕ ಇಲ್ಲ. ಆಗಸ್ಟ್ 20ರ ಸಂಜೆ 6 ಗಂಟೆಗೆ ಎಲ್ರೂ ಪ್ರಾರ್ಥನೆ ಮಾಡ್ರಿ ಅಂತ ಚೆನ್ನೈಯಿಂದ ಕರೆ ಬಂದಾಗ ನಾವೂ ಮನೆಮನೆಯಲ್ಲಿ ಅವರ ಹಾಡು ಹಾಕಿ ಕುಂತಿದ್ವಿ, ಅದು ಮಾತ್ರ ಚೆನ್ನಾಗಿತ್ತು, ಅಪ್ಪ ಆ ಅರ್ಧ ಗಂಟೆ ಕಣ್ಣೇ ಬಿಟ್ಟಿರ್ಲಿಲ್ಲ. ಅದಾಗಿ ನಾಲ್ಕು ದಿನಕ್ಕೆ ನೆಗೆಟಿವ್ ಬಂತಂತೆ ಅಂತ ಸುದ್ದಿ, ಗ್ರೂಪಲ್ಲಿ ಪಟಾಕಿ, ಲಾಡು, ಯಾರೋ ಬೆಣ್ಣೆದೋಸೆ ಫೋಟೋ ಹಾಕಿ ನಾಳೆ ಎಲ್ರಿಗೂ ನನ್ನ ಕಡೆಯಿಂದ ಅಂದಿದ್ರು. ಸಂಜೆಯೊಳಗೆ ಅವರ ಮಗ ಚರಣ್ ಅದು ಸುಳ್ಳು ಅಂತ ಹೇಳಬೇಕಾಯ್ತು. ಅಪ್ಪ ಆಸ್ಪತ್ರೇಲಿ ಆ ಸ್ಥಿತಿಯಲ್ಲಿರೋವಾಗ ಆ ಹುಡುಗ ಅಭಿಮಾನಿಗಳ ಸುಳ್ಳು ತೊಳೆಯಕ್ಕೆ ವೀಡಿಯೋ ಮಾಡ್ತಾ ಕುಂದ್ರಬೇಕಾ?

ಸೆಪ್ಟೆಂಬರ್ 25 ಶುಕ್ರವಾರ ಮಧ್ಯಾಹ್ನ ನಿಜವಾಗ್ಲೂ ಹೋದ್ರು. ನಾನು ನಂಬ್ಲಿಲ್ಲ.

ಮರುವರ್ಷ ಅಕ್ಟೋಬರ್ 29ಕ್ಕೆ ಅಪ್ಪು ಸುದ್ದಿ ಬಂದಾಗ್ಲೂ ಹಂಗೇ, ಗ್ರೂಪಲ್ಲಿ ಮೊದಲ್ನೇ ಇಪ್ಪತ್ತು ಮೆಸೇಜು ಫೇಕ್, ಫೇಕ್, ಡಿಲೀಟ್ ಮಾಡ್ರಿ ಅಂತ. 46 ವರ್ಷದ ಹುಡುಗ ಅಂತ ನಂಬಕ್ಕಾಗ್ಲಿಲ್ಲ ಅನ್ನೋದು ಒಂದು, ಇನ್ನೊಂದು ನಾವೇ ಅಷ್ಟು ಸುಳ್ಳು ಹಂಚಿ ಹಂಚಿ ನಿಜ ಬಂದಾಗ ಗುರ್ತು ಹಿಡಿಯೋ ಶಕ್ತಿನೇ ಕಳ್ಕೊಂಡಿದ್ವಿ.

ಈಗ ಅಂಗಡಿಗೆ ವಾಪಸ್ ಬರ್ತೀನಿ. ಮೊದಲ್ನೇ ಕಂತಲ್ಲಿ ಕೊಟ್ಟಿದ್ದ ಕ್ಯಾಸೆಟ್‌ನಲ್ಲಿ ಒಂದು ಆರ್ಕೆಸ್ಟ್ರಾ ರೆಕಾರ್ಡಿಂಗ್ ಇತ್ತು. ಅಪ್ಪಂಗೆ ಈಗ 74, ಕಿವಿ ಮಷಿನ್ ಹಾಕ್ಕೊಂಡು ಕೇಳಿ, ಬಾಲು ಒಂದ್ಸಲ ಬಂದಿದ್ರು ಕಣೇ ಅನ್ಸುತ್ತೆ ಅಂದ್ರು, ಬಾಲು ಅಂದ್ರೆ ಎಸ್ಪಿಬಿನೇ. ಅನ್ಸುತ್ತೆ ಅಂದಿದ್ದು ಅಷ್ಟೇ. ಚೀಟಿ ಮೇಲೆ ಕಾಕಾ ಗೊತ್ತಿಲ್ಲ ಅಂತ ಬರೆದಿದ್ರು, ಮೇಲಿಂದ ಸ್ಪೀಡ್ ಇನ್ನೂ ಸರಿ ಮಾಡಬೇಕು, ಮುಂದಿನ ವಾರ ತಗೊಂಡು ಹೋಗು ಅಂದಿದ್ರು, ನಾನು ಕೇಳ್ದೆ ಹಂಗೇ ಫೈಲ್ ಹಾಕಿಸ್ಕೊಂಡು ಬಂದಿದ್ದೆ. ರಾತ್ರಿ ಖುಷಿ ತಡೀಲಾರದೆ 'ಎಸ್ಪಿಬಿ ದಾವಣಗೆರೆ ಲೈವ್' ಅಂತ ಗ್ರೂಪಿಗೆ ಹಾಕ್ದೆ. ಬೆಳಗಾಗೋದ್ರೊಳಗೆ ಅದು ಬೇರೆ ಗ್ರೂಪಿಗೆಲ್ಲ ಹೋಗಿ ಎಸ್ಪಿಬಿ ಫೋಟೋ ಅಂಟಿಸ್ಕೊಂಡು, '1992ರ ಅಪರೂಪದ ರೆಕಾರ್ಡಿಂಗ್, ಹೈಸ್ಕೂಲ್ ಮೈದಾನ, 50 ಸಾವಿರ ಜನ' ಅಂತ ಹೆಸರಿಟ್ಕೊಂಡು ನನಗೇ ವಾಪಸ್ ಬಂತು. 1992 ಅಂತ ನಾನು ಹೇಳಿರ್ಲಿಲ್ಲ, ಮೈದಾನ ಅಂತ ಹೇಳಿರ್ಲಿಲ್ಲ, ಜನ ಎಷ್ಟು ಅಂತನೂ ಹೇಳಿರ್ಲಿಲ್ಲ.

ಮೂರನೇ ದಿನ ಕಾಕಾ ಫೋನು. ಅವರ ಸೊಸೆ ಮೊಬೈಲಿಗೂ ಬಂದಿತ್ತಂತೆ. "ಏನವ್ವಾ, ನಾನು ಗೊತ್ತಿಲ್ಲ ಅಂತ ಬರೆದಿದ್ದನ್ನ ನೀನು ಯಾರನ್ನ ಕೇಳಿ ಗೊತ್ತು ಮಾಡಿದಿ?" ನನ್ನ ಬಾಯಿಂದ ಮಾತೇ ಹೊರಡ್ಲಿಲ್ಲ. ಡ್ಯೂಟಿ ಮುಗಿಸಿ ಹೋದೆ. ಬೈಲಿಲ್ಲ, ಕುಂದ್ರವ್ವಾ ಅಂತ ಸ್ಟೂಲ್ ಎಳೆದು ಹೆಡ್‌ಫೋನ್ ಕೊಟ್ರು.

ಕಂಪ್ಯೂಟರ್ ಸ್ಕ್ರೀನ್ ಮೇಲೆ ಹಾಡಿನ ಕೆಳಗೆ ಒಂದು ಸಣ್ಣ ಗೆರೆ ಉದ್ದಕ್ಕೂ ಓಡ್ತಿತ್ತು. ಅದು ಮೈಕ್‌ಸೆಟ್ಟಿನ ಗುಂಯ್ ಅನ್ನೋ ಸೌಂಡು. ನಮ್ಮ ಕರೆಂಟು 50 ಹರ್ಟ್ಜ್, ಹಂಗಾಗಿ ಆ ಗುಂಯ್ ಕೂಡ 50ಕ್ಕೇ ಇರಬೇಕು, ಇಲ್ಲಿ 53 ತೋರಿಸ್ತಿತ್ತು. ಅಂದ್ರೆ ಅಪ್ಪ ರೆಕಾರ್ಡ್ ಮಾಡೋವಾಗ ಟೂ ಇನ್ ಒನ್ ಬ್ಯಾಟರಿ ಇಳಿದು ಟೇಪ್ ನಿಧಾನ ಓಡಿರುತ್ತೆ, ಈಗ ಸರಿಯಾದ ಸ್ಪೀಡಲ್ಲಿ ಹಾಕಿದ್ರೆ ಎಲ್ಲ ಜೋರಾಗಿ ಓಡುತ್ತೆ, ಗಂಟ್ಲು ಮೇಲೆ ಹೋಗುತ್ತೆ. ಕಾಕಾ 53ನ 50ಕ್ಕೆ ಇಳಿಸಿದ್ರು. ಹಾರ್ಮೋನಿಯಂ ಮೇಲೆ ಒಂದು ಮನೆ ಕೆಳಗಿಳಿದಷ್ಟೇ ವ್ಯತ್ಯಾಸ, ಅಷ್ಟಕ್ಕೇ ಹಾಡ್ತಿದ್ದೋರು ಬೇರೆ ಮನುಷ್ಯ ಆಗ್ಬಿಟ್ರು. ದಪ್ಪ ದನಿ, ಮೂಗಿನ ಹತ್ರ ಸ್ವಲ್ಪ ಕಟ್ಟಿದಂಗೆ. ಚರಣದ ಎರಡನೇ ಸಾಲಿಗೆ ಮುಂಚೆ ಸರ್ರನೆ ಉಸಿರು ಎಳ್ಕೊಳ್ಳೋದು ಮೈಕಲ್ಲಿ ಕೇಳುತ್ತೆ. "ಬಾಲು ಉಸಿರು ಎಲ್ಲಿ ತಗೋತಾರೆ ಅಂತ ನಲವತ್ತು ವರ್ಷದಿಂದ ಹುಡುಕ್ತಾ ಇದೀನವ್ವಾ ನಾನು, ಸಿಕ್ಕಿಲ್ಲ. ಇವರದ್ದು ಸಿಕ್ತು" ಅಂದ್ರು. ಕೊನೆಗೆ ಚಪ್ಪಾಳೆ ನಡುವೆ ಯಾರೋ ಮುಂದಿನ ಹಾಡು ಹಾಡ್ತಾರೆ ಅಂತ ಒಬ್ಬ ಹುಡುಗಿ ಹೆಸ್ರು ಕೂಗ್ತಾರೆ, ಅಷ್ಟೇ, ಇವರ ಹೆಸ್ರಿಲ್ಲ.

ಅವತ್ತು ರಾತ್ರಿನೇ ಗ್ರೂಪಲ್ಲಿ ತಪ್ಪಾಯ್ತು, ಅದು ಎಸ್ಪಿಬಿ ಅಲ್ಲ, ದಯವಿಟ್ಟು ಮುಂದೆ ಕಳಿಸಬೇಡ್ರಿ ಅಂತ ಬರೆದು, ಸ್ಪೀಡ್ ಸರಿ ಮಾಡಿದ ಫೈಲ್ ಹಾಕಿದೆ. ಒಂಬತ್ತು ಜನ ಗ್ರೂಪ್ ಬಿಟ್ಟು ಹೋದ್ರು. ಒಬ್ರು, ನಮಗೆ ಅದು ಎಸ್ಪಿಬಿನೇ, ನಮ್ಮ ಭಾವನೆ ಜೊತೆ ಆಟ ಆಡಬೇಡಿ ಅಂತ ಬರೆದ್ರು. ಬೇಜಾರಾಯ್ತು, ಆದ್ರೂ ನಾನು ಹಿಂದೆ ಸರೀಲಿಲ್ಲ. ಹಾಡಿದ್ದು ಒಬ್ಬರು, ಹೆಸ್ರು ಇನ್ನೊಬ್ಬರದು ಅಂದ್ರೆ ಅದು ಇಬ್ರಿಗೂ ಮಾಡೋ ಮೋಸ ಅಲ್ವಾ? ಎಸ್ಪಿಬಿಗೆ ನಮ್ಮ ಸುಳ್ಳು ಬೇಕಾಗೇ ಇಲ್ಲ. ಆರು ರಾಷ್ಟ್ರಪ್ರಶಸ್ತಿ, ನಾಲ್ಕು ಭಾಷೇಲಿ. ಕನ್ನಡದಲ್ಲಿ ಬಂದಿದ್ದು 1995ರ 'ಸಂಗೀತಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ' ಚಿತ್ರದ ಹಿಂದೂಸ್ತಾನಿ ಹಾಡಿಗೆ, ಸಂಗೀತ ಹಂಸಲೇಖ, ಡೈರೆಕ್ಷನ್ ಚಿಂದೋಡಿ ಬಂಗಾರೇಶ್. ಚಿಂದೋಡಿ ಅಂದ್ರೆ ನಮ್ಮ ದಾವಣಗೆರೆ ಚಿಂದೋಡಿ ಲೀಲಾ ಅವರ ಮನೆತನ ಕಣ್ರಿ, ಕಂಪನಿ ನಾಟಕದೋರು. ಎಸ್ಪಿಬಿ ಕನ್ನಡಕ್ಕೆ ತಂದ ರಾಷ್ಟ್ರಪ್ರಶಸ್ತಿಯಲ್ಲಿ ನಮ್ಮೂರಿನ ಪಾಲು ಇಷ್ಟು ದೊಡ್ಡದೈತೆ, ಅದನ್ನ ಒಬ್ಬರೂ ಫಾರ್ವರ್ಡ್ ಮಾಡಲ್ಲ, ಇಲ್ಲದಿರೋ 1992ರ ಮೈದಾನನ ಸಾವಿರ ಜನ ಮಾಡ್ತಾರೆ. ಆ ಚಿತ್ರದ ಕ್ಯಾಸೆಟ್ ಕಾಕಾ ಹತ್ರ ಕವರ್ ಸಮೇತ ಐತೆ, ಕೇಳಿದ್ರೆ ಹಾಕಿ ಕೇಳಿಸ್ತಾರೆ. ಕಾಪಿ ಮಾತ್ರ ಕೊಡಲ್ಲ, ಸೌಂಡ್ ರೆಕಾರ್ಡಿಂಗಿಗೆ 60 ವರ್ಷ ಕಾಪಿರೈಟ್ ಇರುತ್ತೆ, ನಿಮ್ಮ ಕ್ಯಾಸೆಟ್ ತಂದ್ರೆ ನಿಮಗೆ ಮಾಡಿ ಕೊಡ್ತೀನಿ, ಮಾರಾಟ ಮಾಡಲ್ಲ ಅಂತಾರೆ.

ನಮ್ಮ ಗ್ರೂಪಿನ ಪಿಬಿಎಸ್ ಜಗಳದ ಬಗ್ಗೆನೂ ಒಂದು ಮಾತು, ಪಿಬಿಎಸ್ ಅಂದ್ರೆ ಅಣ್ಣಾವ್ರಿಗೆ ಹಾಡ್ತಿದ್ದ ಪಿ.ಬಿ. ಶ್ರೀನಿವಾಸ್. ಅಣ್ಣಾವ್ರು 1974ರಲ್ಲಿ 'ಸಂಪತ್ತಿಗೆ ಸವಾಲ್'ಗೆ ತಾವೇ ಹಾಡಿದ್ಮೇಲೆ ಪಿಬಿಎಸ್‌ಗೆ ಅವಕಾಶ ಕಮ್ಮಿಯಾಯ್ತು, ಅನ್ಯಾಯ ಆಯ್ತು ಅನ್ನೋರು ಒಂದು ಗುಂಪು, ಅಣ್ಣಾವ್ರ ದನಿ ಅಣ್ಣಾವ್ರಿಗೆ ಅಲ್ದೇ ಇನ್ಯಾರಿಗೆ ಅನ್ನೋರು ಇನ್ನೊಂದು ಗುಂಪು, ಎರಡೂ ಕಡೆಯೋರು ಬೈಗುಳಕ್ಕೆ ಇಳೀತಾರೆ. ಒಂದಿನ ಇದೇ ಜಗಳ ಅಂಗಡಿಯಲ್ಲೇ ಶುರುವಾಯ್ತು, ನಾನಿದ್ದೆ. ಕಾಕಾ ಏನೂ ಮಾತಾಡ್ದೆ ಪಿಬಿಎಸ್ ಒಂದು ಹಾಡು, ಅಣ್ಣಾವ್ರದ್ದೊಂದು ಹಾಡು ಹಾಕಿದ್ರು, ಎಂಟು ನಿಮಿಷ ಯಾರೂ ಬಾಯಿ ಬಿಡ್ಲಿಲ್ಲ. ಆಮೇಲೆ ಮೆತ್ತಗೆ ಹೇಳಿದ್ರು, ಇವರಿಬ್ರ ನಡುವೆ ಇಲ್ಲದ ಜಗಳನ ನಾವ್ಯಾಕೆ ಹಚ್ಚಬೇಕು ಅಂತ. ಪಿಬಿಎಸ್ ಕೊನೇ ಕಾಲದಲ್ಲಿ ಚೆನ್ನೈ ವುಡ್‌ಲ್ಯಾಂಡ್ಸ್ ಡ್ರೈವ್ ಇನ್ ಹೋಟ್ಲಲ್ಲಿ ಜೇಬು ತುಂಬ ಪೆನ್ನು ಇಟ್ಕೊಂಡು ಕುಂತು ಬೇರೆ ಬೇರೆ ಭಾಷೇಲಿ ಪದ್ಯ ಬರೀತಿದ್ರು, ಆ ಹೋಟ್ಲು 2008ರಲ್ಲಿ ಮುಚ್ಚಿತು. ಕಷ್ಟಪಟ್ರು, ಮರ್ತ್ಬಿಟ್ರು ಅಂತ ಅಳೋ ಫಾರ್ವರ್ಡ್‌ಗಳಿಗಿಂತ ಆ ಪೆನ್ನುಗಳ ಚಿತ್ರ ನನಗೆ ಹೆಚ್ಚು ಇಷ್ಟ, ಆ ಮನುಷ್ಯ ಏನು ಅಂತ ಅದು ಹೇಳುತ್ತೆ.

ಇನ್ನು ಅಂಗಡಿಯಲ್ಲಿ ಸರಿ ಇಲ್ಲದ್ದೂ ಹೇಳಬೇಕು. ಎರಡು ವಾರ ಅಂದ್ರೆ ಐದು ವಾರ. ಫೋನ್ ಎತ್ತಲ್ಲ, ಕೆಲ್ಸದಲ್ಲಿ ಹೆಡ್‌ಫೋನ್ ಹಾಕಿರ್ತಾರೆ, ಹೋಗೇ ಕೇಳಬೇಕು. ವಯಸ್ಸಾದೋರಿಗೆ ಆ ಮೆಟ್ಲು ಆಗೋದೇ ಇಲ್ಲ, ಹಿಡ್ಕೊಳ್ಳಕ್ಕೆ ಒಂದು ಕಂಬಿನೂ ಇಲ್ಲ, ಅಪ್ಪನ್ನ ಕರ್ಕೊಂಡು ಹೋಗಕ್ಕಾಗ್ಲಿಲ್ಲ ಅನ್ನೋದು ನನಗೆ ಇವತ್ತಿಗೂ ನೋವು. ನನ್ನ ಒಂದು ಕ್ಯಾಸೆಟ್ ಮಷಿನ್ನಿಗೆ ಸಿಕ್ಕಿ ಕತ್ತರಿಸಿ ಹೋಯ್ತು, ಅಂಟಿಸಿದಾರೆ, ಆದ್ರೂ ಒಂದೆಂಟು ಸೆಕೆಂಡು ಹಾಡು ಹೋಯ್ತು. ಅದನ್ನ ಅವರಾಗೇ ಹೇಳಿದ್ರು, ಮುಚ್ಚಿಡ್ಲಿಲ್ಲ, ಆ ಕ್ಯಾಸೆಟ್‌ಗೆ ದುಡ್ಡು ಮುಟ್ಲಿಲ್ಲ, ಚೀಟಿ ಮೇಲೂ ಬರೆದ್ರು. ಹೋದ ಎಂಟು ಸೆಕೆಂಡು ಬರಲ್ಲ, ಅದೂ ನಿಜನೇ.

ಸುಯ್ ಅನ್ನೋ ಟೇಪಿನ ಸೌಂಡ್ ಹಂಗೇ ಬಿಟ್ಟಿರ್ತಾರೆ, ತೆಗೆಯಲ್ಲ. ಮೊದ್ಲು ಇದೇನಿದು ಅರ್ಧಂಬರ್ಧ ಕೆಲ್ಸ ಅಂದ್ಕೊಂಡೆ. ಸಾಫ್ಟ್‌ವೇರ್ ಹಾಕಿ ತೆಗೆದ್ರೆ ಸ, ಶ ಅಕ್ಷರದ ಅಂಚು, ತಂಬೂರಿಯ ಝೇಂಕಾರ ಅದ್ರ ಜೊತೆಗೇ ಹೋಗುತ್ತೆ ಅಂತ ಎರಡೂ ಹಾಕಿ ತೋರಿಸಿದ್ರು. ಬೇಕು ಅಂದ್ರೆ ಕ್ಲೀನ್ ಮಾಡಿದ್ದು ಬೇರೆ ಫೈಲ್ ಕೊಡ್ತಾರೆ, ಒರಿಜಿನಲ್ ಜೊತೆಗೇ. ಕೇಳ್ದೆ ಇದ್ರೆ ಎಂಪಿ3 ಮಾತ್ರ ಹಾಕ್ತಾರೆ, ಹಂಗಾಗಿ ಸೌಂಡ್ ಕುಗ್ಗಿಸದೆ ಇಡೋ ವೇವ್ ಫೈಲ್ ಬೇಕು ಅಂತ ಬಾಯಿಬಿಟ್ಟು ಕೇಳ್ರಿ. ನಿಮಿಷಕ್ಕೆ ಸುಮಾರು 10 ಎಂಬಿ ಆಗುತ್ತೆ, 26 ಕ್ಯಾಸೆಟ್‌ಗೆ ನನಗೆ 16 ಜಿಬಿ ಹತ್ರ ಆಯ್ತು, 32ರ ಪೆನ್‌ಡ್ರೈವ್ ತಗೊಂಡು ಹೋಗ್ರಿ. 60 ನಿಮಿಷದ್ದಕ್ಕೆ 150 ರೂಪಾಯಿ, 90ರದ್ದಕ್ಕೆ 200, ಬೂಷ್ಟು ಹಿಡಿದಿದ್ರೆ ಮೇಲೆ 100. ಫೋನ್‌ಪೇ ನಡಿಯುತ್ತೆ. ಜಾಸ್ತಿ ಅನ್ನೋರಿಗೆ ಒಂದೇ ಮಾತು, ಒಂದು ಗಂಟೆ ಕುಂತು ಕೇಳೋ ಮನುಷ್ಯನ ಕಿವಿಗೆ 150 ಕಮ್ಮಿನೇ.

ಆ ಆರ್ಕೆಸ್ಟ್ರಾದೋರು ಯಾರು ಅಂತ ಹೇಳ್ಲೇ ಇಲ್ಲ ಅಲ್ವಾ. ಸರಿ ಮಾಡಿದ ಫೈಲ್ ಹಾಕಿದ ಎರಡನೇ ವಾರ ಗ್ರೂಪಲ್ಲಿ ಯಾವತ್ತೂ ಬಾಯಿ ಬಿಡದ ಹರಿಹರದ ಒಬ್ರು ಮೆಸೇಜ್ ಹಾಕಿದ್ರು, ಇದು ನಮ್ಮ ಭಾವನ ದನಿ ಇದ್ದಂಗೈತೆ ಅಂತ. ಭಾವ ಈಗ ಶಾಮಿಯಾನ, ಪಾತ್ರೆ ಬಾಡಿಗೆ ಅಂಗಡಿ ಇಟ್ಕೊಂಡಿದಾರೆ, ಹಾಡೋದು ಬಿಟ್ಟು ಕಾಲ ಆಯ್ತು. ಭಾನುವಾರ ಇಬ್ರೂ ಬಂದ್ರು. ಅರವತ್ತರ ಆಸುಪಾಸು, ಬಿಳಿ ಶರ್ಟು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ್ರು, ಅಂಗಡಿಗೆ ಯಾರೂ ಹಂಗೆ ಬಿಡಲ್ಲ. ಕಾಕಾ ಹೆಡ್‌ಫೋನ್ ಕೊಟ್ರು. ಮೊದ್ಲು ಮುಖದಲ್ಲಿ ಏನೂ ಕಾಣ್ಲಿಲ್ಲ, ಆಮೇಲೆ ಬಲಗೈ ತೊಡೆ ಮೇಲೆ ತಾಳ ಹಾಕಕ್ಕೆ ಶುರು ಮಾಡ್ತು. ಎರಡನೇ ಚರಣಕ್ಕೆ ಬಂದಾಗ ಕೈ ನಿಂತು, ಹೆಡ್‌ಫೋನ್ ಅರ್ಧ ತೆಗೆದು, "ಇಲ್ಲಿ ಸಾಲು ಮರ್ತಿದ್ದೆ ನಾನು, ಅದಕ್ಕೇ ಮೊದಲ್ನೇ ಚರಣದ ಸಾಲೇ ಮತ್ತೆ ಹಾಡೀನಿ, ಕೀಬೋರ್ಡಿನೋನು ನನ್ನ ಕಡೆ ತಿರುಗಿ ನೋಡಿದ್ದ" ಅಂದ್ರು. ಕಾಕಾ ಹಿಂದಕ್ಕೆ ಹಾಕಿದ್ರು, ಕೇಳಿದ್ವಿ, ಹೌದು, ಅದೇ ಸಾಲು ಎರಡ್ಸಲ ಐತೆ. ನಾವು ಗ್ರೂಪಲ್ಲಿ ಅಷ್ಟು ಜನ ಅಷ್ಟು ಸಲ ಕೇಳಿದ್ವಿ, ಎಸ್ಪಿಬಿ ಎಸ್ಪಿಬಿ ಅಂತ ಕುಣಿದ್ವಿ, ಒಬ್ಬರಿಗೂ ಅದು ಕಿವಿಗೆ ಬಿದ್ದಿರ್ಲಿಲ್ಲ.

ಯಾವ ವರ್ಷ ಅಂತ ಕಾಕಾ ಕೇಳಿದ್ರು. ದೊಡ್ಡ ಮಗಳು ಹುಟ್ಟಿದ ವರ್ಷ, ಬಾಣಂತಿನ ತವರಲ್ಲಿ ಬಿಟ್ಟು ಪ್ರೋಗ್ರಾಂಗೆ ಬಂದಿದ್ದೆ, 1994ರ ಗಣಪತಿ, ವಿನೋಬನಗರ ಅಂದ್ರು. ಕಾಕಾ ಚೀಟಿ ತೆಗೆದು ಗೊತ್ತಿಲ್ಲ ಅನ್ನೋದ್ರ ಮೇಲೆ ಒಂದೇ ಗೆರೆ ಎಳೆದು, ಕೆಳಗೆ ಅವರ ಹೆಸ್ರು, ಊರು, ವರ್ಷ ಬರೆದು, ನಾಲ್ಕನೇ ಮನೆಯಲ್ಲಿ 'ಹೇಳಿದ್ದು: ಹಾಡಿದೋರೇ' ಅಂತ ಬರೆದ್ರು. ಆ ಚೀಟಿ ಈಗ ನಮ್ಮನೇಲಿ ಐತೆ. ಒಂದು ಪೆನ್‌ಡ್ರೈವ್ ಅವರ ಕೈಗೆ ಕೊಟ್ವಿ, ಅದಕ್ಕೆ ಕಾಕಾನೂ ದುಡ್ಡು ತಗೊಳ್ಲಿಲ್ಲ, ನಾನೂ ತಗೊಳ್ಲಿಲ್ಲ.

ಬೆಳಗ್ಗೆ 11ರ ಮೇಲೆ ಹೋಗ್ರಿ, ಅಷ್ಟರೊಳಗೆ ಗಾಡಿ ಲೋಡ್ ಇಳಿಸ್ತಿರ್ತಾರೆ, ಮೆಟ್ಲ ತನಕ ಹೋಗಕ್ಕೇ ಜಾಗ ಇರಲ್ಲ. ಹೋಗೋ ಮೊದ್ಲು ಮನೇಲಿ ಹಿರಿಯರನ್ನ ಕೂರಿಸ್ಕೊಂಡು ಒಂದೊಂದು ಕ್ಯಾಸೆಟ್ ಬಗ್ಗೆ ಅವರಿಗೆ ಏನು ನೆನಪೈತೋ ಕೇಳಿ ಬರ್ಕೊಂಡು ಹೋಗ್ರಿ, ಕಾಕಾ ಅದನ್ನೇ ಮೊದ್ಲು ಕೇಳೋದು. ನನ್ನ ಮಿಕ್ಕ 11 ಕ್ಯಾಸೆಟ್ ಬೂಷ್ಟಿನ ಡಬ್ಬಿಯಲ್ಲಿ ಅಲ್ಲೇ ಇದಾವೆ, ಮುಂದಿನ ಅಮಾವಾಸ್ಯೆ ಆದ್ಮೇಲೆ ಬಾ ಅಂದಿದಾರೆ. ಸಿಕ್ಕ ತಕ್ಷಣ ಗ್ರೂಪಿಗೆ ಹಾಕ್ತೀನಿ, ಈ ಸಲ ಚೀಟಿ ಫೋಟೋ ಜೊತೆಗೇ.